ಬೆರಳಿನ ಅಂದಾಜು

ಮಕ್ಕಳೇ, ಹೋದ ತಿಂಗಳು ನಮ್ಮ ಮನೆಯಲ್ಲಿ ಎಲ್ಲರಿಗೂ ಗಾಬರಿ. ನನ್ನ ಮನೆಯವರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ಬಗದಲ್‌ನಿಂದ ಬೀದರಿಗೆ ಕರೆದುಕೊಂಡು ಹೋದೆವು. ಗಂಟಲೊಳಗೆ ಉಸಿರಿನ ನಳಿಗೆ ಹಾಕುತ್ತಾರೆಂದು ಕೇಳಿ ಮೊಮ್ಮಗಳ ಮುಖ ಸಣ್ಣದಾಯಿತು. “ಮುತ್ಯಾ, ಆಮ್ಯಾಲ ಆಯಿ ಕಥಿ ಹೇಳ್ತಾಳಲ್ಲ?”

ಅರಿವಳಿಕೆ ಡಾಕ್ಟರಮ್ಮ ಅವಳನ್ನು ಹತ್ತಿರ ಕರೆದು ಒಂದು ಹೊಸ ನಳಿಗೆ ತೋರಿಸಿದರು. ಅದರ ತುದಿಯ ಬಳಿ ಸುತ್ತಲೂ ಪುಟ್ಟ ಬಲೂನು. ಹೆಸರು ಕಫ್. ನೆಗಡಿಯ ಕಫ ಅಲ್ಲ, ಅಂಗಿ ತೋಳಿನ ಕಫ್ ಇದ್ದ ಹಾಗೆ! ನಳಿಗೆ ಶ್ವಾಸನಾಳಕ್ಕೆ ಇಳಿದ ಮೇಲೆ ಸಿರಿಂಜಿನಿಂದ ಇದಕ್ಕೆ ಗಾಳಿ ತುಂಬುತ್ತಾರೆ. ಗಾಳಿ ಕಡಿಮೆಯಾದರೆ ಉಸಿರು ಸಂದಿಯಲ್ಲಿ ಸೋರುತ್ತದೆ, ಹೊಟ್ಟೆಯಿಂದ ಮೇಲೆ ಬಂದ ದ್ರವ ಶ್ವಾಸಕೋಶಕ್ಕೆ ಇಳಿಯಬಹುದು. ಹೆಚ್ಚಾದರೆ ನಾಳದ ಒಳಪದರ ಒತ್ತಿಹೋಗಿ ಅಲ್ಲಿ ರಕ್ತ ಹರಿಯುವುದಿಲ್ಲ. ಗಂಟಲು ನೋವು, ದನಿ ಒಡೆಯುವುದು, ಕೆಲವೊಮ್ಮೆ ಹುಣ್ಣು ಕೂಡ ಆಗುತ್ತದೆ.

ಹಾಗಾದರೆ ಎಷ್ಟಿರಬೇಕು? 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡ. ನಿಮ್ಮ ಶಾಲೆಯ ಉದ್ದನೆಯ ಸ್ಕೇಲು 30 ಸೆಂಟಿಮೀಟರ್ ತಾನೆ? ಅಷ್ಟು ಆಳದ ನೀರು ಬಕೆಟ್ಟಿನ ತಳವನ್ನು ಎಷ್ಟು ಒತ್ತುತ್ತದೋ ಅಷ್ಟೇ ಮಿತಿ. 1984ರಲ್ಲಿ ಸೀಗೋಬಿನ್, ವ್ಯಾನ್ ಹ್ಯಾಸೆಲ್ಟ್ ಎಂಬ ವೈದ್ಯರು ಶ್ವಾಸನಾಳದೊಳಗೆ ದುರ್ಬೀನು ಇಳಿಸಿ ನೋಡಿ, 30 ದಾಟಬಾರದೆಂದು ತಿಳಿಸಿದರು.

ಕಫ್‌ಗೆ ಸೇರಿದ ಇನ್ನೊಂದು ಗುಳ್ಳೆ ಬಾಯಿಯ ಹೊರಗೆ ಇರುತ್ತದೆ. ಅದನ್ನು ಬೆರಳಲ್ಲಿ ಹಿಚುಕಿ ಅಂದಾಜು ಮಾಡುವುದು ಹಳೆಯ ರೂಢಿ. ಡಾಕ್ಟರಮ್ಮ ನಳಿಗೆಯನ್ನು ದೊಡ್ಡ ಸಿರಿಂಜಿನ ಕೊಳವೆಯೊಳಗೆ ತೂರಿಸಿ, ಗಾಳಿ ತುಂಬಿ, “ನೋಡ್ರಿ ಯಜಮಾನ್ರ” ಎಂದು ನನ್ನ ಕೈಗೆ ಕೊಟ್ಟರು. ಹಿಚುಕಿ ನೋಡಿ “ಬರೋಬ್ಬರಿ ಅದ” ಎಂದೆ. ಮೀಟರ್ ಜೋಡಿಸಿದರು. ಮೊಮ್ಮಗಳು ಮುಳ್ಳು ನೋಡಿ ಓದಿದಳು: “ಅರವತ್ತು!”

ನನಗೆ ಬ್ಯಾಂಕಿನ ದಿನಗಳು ನೆನಪಾದವು. ನೂರು ನೋಟಿನ ಕಟ್ಟು ಹೆಬ್ಬೆರಳಿಗೇ ಗೊತ್ತಾಗುತ್ತದೆ ಎಂಬ ಜಂಬ ನನ್ನದು. ಒಂದು ಸಂಜೆ ಎಣಿಸದೆ ಇಟ್ಟ ಕಟ್ಟಿನಲ್ಲಿ ಮೂರು ನೋಟು ಕಡಿಮೆ ಬಂದವು. ಜೇಬಿನಿಂದ ಕಟ್ಟಿದೆ. ಅಲ್ಲಿ ಹೋದದ್ದು ದುಡ್ಡು, ಇಲ್ಲಿ ಹೋಗುವುದು ಗಂಟಲು.

“ಒಮ್ಮೆ ನೋಡಿದರೆ ಸಾಲದು. ನೈಟ್ರಸ್ ಆಕ್ಸೈಡ್ ಕೊಟ್ಟಾಗ ಆ ಅನಿಲ ಮೆಲ್ಲಗೆ ಕಫ್ ಒಳಗೆ ಸೇರಿ ಒತ್ತಡ ಏರಿಸುತ್ತದೆ. ನಡುನಡುವೆ ನೋಡುತ್ತಿರಬೇಕು” ಎಂದರು ಡಾಕ್ಟರಮ್ಮ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಇದ್ದರೆ, “ಕಫ್ ಒತ್ತಡ ಮೀಟರಿನಲ್ಲಿ ನೋಡುತ್ತೀರಾ?” ಎಂದು ವಿನಯದಿಂದ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಆಯಿಯ ಗಂಟಲು ಒಂದು ದಿನ ಕರಕರ ಎಂದಿತು, ಅಷ್ಟೇ. ಮೂರನೆಯ ರಾತ್ರಿ ಮೊಮ್ಮಗಳಿಗೆ ಕಥೆ ಸಿಕ್ಕಿತು.