ಅನ್ಯಲೋಕದ ಜೀವವೂ ನಮ್ಮ ಸಿದ್ಧತೆಯೂ

ಭೂಮಿಯ ಹೊರಗೆ ಜೀವವುಂಟೆ ಎಂಬ ಪ್ರಶ್ನೆಯು ಈಗ ಕೇವಲ ಕಥೆಗಾರರ ಸೊತ್ತಾಗಿ ಉಳಿದಿಲ್ಲ. 2025ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಎಂಬ ಭಾರತೀಯ ಮೂಲದ ವಿಜ್ಞಾನಿಗಳೂ ಅವರ ಸಂಗಡಿಗರೂ ಒಂದು ವಾರ್ತೆಯನ್ನು ಸಾರಿದರು. ನಮ್ಮಿಂದ 124 ಜ್ಯೋತಿರ್ವರ್ಷಗಳ ದೂರದಲ್ಲಿರುವ ಕೆ2-18ಬಿ ಎಂಬ ಗ್ರಹದ ವಾತಾವರಣದಲ್ಲಿ, ಭೂಮಿಯಲ್ಲಾದರೆ ಮುಖ್ಯವಾಗಿ ಸಮುದ್ರದ ಸೂಕ್ಷ್ಮಸಸ್ಯಗಳಿಂದ ಹುಟ್ಟುವ ಗಂಧಕಯುಕ್ತ ಅನಿಲದ ಸುಳಿವು ದೊರೆತಿದೆಯೆಂಬುದೇ ಆ ವಾರ್ತೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯು, ಮಂಗಳಗ್ರಹದ ಒಣಗಿದ ನದೀಪಾತ್ರವೊಂದರ ಬಂಡೆಯಲ್ಲಿ ಪುರಾತನ ಸೂಕ್ಷ್ಮಜೀವಿಗಳ ಗುರುತಾಗಿರಬಹುದಾದ ಕಲೆಗಳು ಕಂಡುಬಂದಿವೆಯೆಂದು ಪ್ರಕಟಿಸಿತು. ಎರಡೂ ಸಿದ್ಧಾಂತಗಳಲ್ಲ, ಸುಳಿವುಗಳು ಮಾತ್ರ. ಆದರೂ ಇಂತಹ ಸುಳಿವುಗಳು ಮೇಲಿಂದ ಮೇಲೆ ಬರತೊಡಗಿರುವಾಗ, ಒಂದು ದಿನ ನಿಶ್ಚಿತವಾರ್ತೆಯೇ ಬಂದರೆ ಮನುಷ್ಯನು ಹೇಗೆ ವರ್ತಿಸುವನೆಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ವಿವೇಕಿಗಳ ಲಕ್ಷಣವು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ವಾಚಕರು, ನಕ್ಷತ್ರಲೋಕದ ಈ ವಾರ್ತೆಗೂ ಕಾಳೀ ನದಿಯ ಕಣಿವೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವುಂಟು. ಕರ್ನಾಟಕದ ಬೇರಾವ ಭಾಗಕ್ಕಿಂತಲೂ ಈ ನಾಲ್ಕು ತಾಲೂಕುಗಳಿಗೆ ಅದು ಹೆಚ್ಚಾಗಿದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು ಸಾಕ್ಷ್ಯದ ಮಾತು. ನ್ಯಾಯಾಸ್ಥಾನಗಳ ಪರಿಚಯವುಳ್ಳ ನಮ್ಮ ಅಧಿಕಾರಿವರ್ಗಕ್ಕೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಕೆ2-18ಬಿ ಗ್ರಹದ ಸುಳಿವು ಕಾಕತಾಳೀಯವಾಗಿರುವ ಸಂಭವವು ಸಾವಿರಕ್ಕೆ ಮೂರರಷ್ಟಿದೆಯೆಂದು ಅದನ್ನು ಸಾರಿದವರೇ ಒಪ್ಪಿದರು. ಶೋಧವು ಸಿದ್ಧವಾಯಿತೆನ್ನಲು ವಿಜ್ಞಾನವು ಬೇಡುವ ಪ್ರಮಾಣದಲ್ಲಿ ಆ ಸಂಭವವು ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆಯಿರತಕ್ಕದ್ದು. ಇತರ ಪಂಡಿತರು ಅದೇ ಅಂಕಿಗಳನ್ನು ಮರಳಿ ಪರೀಕ್ಷಿಸಿ, ಸಾಕ್ಷ್ಯವು ಸಾಲದೆಂದು ವಾದಿಸಿದರು. 1996ರ ಆಗಸ್ಟಿನಲ್ಲಿಯೂ ಹೀಗೆಯೇ ಆಯಿತು. ಅಂಟಾರ್ಕ್ಟಿಕದಲ್ಲಿ 1984ರಲ್ಲಿ ದೊರೆತ ಮಂಗಳದ ಕಲ್ಲೊಂದರಲ್ಲಿ ಜೀವಿಗಳ ಅವಶೇಷವಿದೆಯೆಂಬ ವಾರ್ತೆಯು ಹಬ್ಬಿ, ಅಮೆರಿಕದ ಅಧ್ಯಕ್ಷರೇ ಅದರ ವಿಷಯವಾಗಿ ಮಾತನಾಡಿದರು. ಬಳಿಕ ಬಹುಮಂದಿ ವಿಜ್ಞಾನಿಗಳು ಆ ತೀರ್ಮಾನವನ್ನು ಒಪ್ಪಲಿಲ್ಲ. ಹಾಗೆಂದು ಅವರ ಶ್ರಮವು ವ್ಯರ್ಥವಾಯಿತೆನ್ನುವಂತಿಲ್ಲ. ಪರೀಕ್ಷಿಸಿ ತಿದ್ದಿಕೊಳ್ಳುವ ಈ ಕ್ರಮದಿಂದಲೇ ವಿದ್ಯೆಯು ಬೆಳೆಯುತ್ತದೆ.

ಇನ್ನು, ಬರುವ ವಾರ್ತೆಯು ಎಂತಹದಿದ್ದೀತು? ವಿಮಾನವೇರಿ ಬರುವ ವಿಚಿತ್ರಾಕಾರದ ಜನರನ್ನು ಎದುರುನೋಡುವವರು ನಿರಾಶರಾಗುವ ಸಂಭವವೇ ಹೆಚ್ಚು. ನಮ್ಮ ನೆಲವೇ ಇದಕ್ಕೆ ಸಾಕ್ಷಿ. ಧಾರವಾಡದ ಹೆಸರನ್ನು ಭೂಗರ್ಭಶಾಸ್ತ್ರದಲ್ಲಿ ಲೋಕಪ್ರಸಿದ್ಧಗೊಳಿಸಿದ ಧಾರವಾಡ ಶಿಲಾವರ್ಗವು ಜೋಯಿಡಾ ಸೀಮೆಯ ಅಡವಿಗಳ ಕೆಳಗೂ ಹಬ್ಬಿದೆ. ಇದೇ ಶಿಲಾವರ್ಗಕ್ಕೆ ಸೇರಿದ ಚಿತ್ರದುರ್ಗ, ಶಿವಮೊಗ್ಗ ಪ್ರಾಂತಗಳ ಸುಣ್ಣಗಲ್ಲುಗಳಲ್ಲಿ, 250 ಕೋಟಿ ವರ್ಷಗಳಿಗೂ ಹಿಂದೆ ಬದುಕಿದ್ದ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ರಚನೆಗಳು ಇಂದಿಗೂ ಕಾಣಸಿಗುತ್ತವೆ. ಭೂಮಿಯಲ್ಲಿ ಜೀವವು ಹುಟ್ಟಿ 350 ಕೋಟಿ ವರ್ಷಗಳಿಗೆ ಕಡಿಮೆಯಾಗಿಲ್ಲ. ಆದರೆ ಪ್ರಾಣಿಗಳೆನ್ನಿಸಿಕೊಳ್ಳತಕ್ಕವು ಕಾಣಿಸಿಕೊಂಡುದು ಕೊನೆಯ ಸುಮಾರು 60 ಕೋಟಿ ವರ್ಷಗಳಲ್ಲಿ ಮಾತ್ರ. ಅನ್ಯಲೋಕದವನೊಬ್ಬನು ಅದಕ್ಕೆ ಮೊದಲು ಯಾವಾಗಲಾದರೂ ನಮ್ಮ ಭೂಮಿಗೆ ಬಂದಿದ್ದರೆ, ಪಾಚಿಯಂತಹ ಲೋಳೆಯನ್ನಲ್ಲದೆ ಹೆಚ್ಚೇನನ್ನೂ ಕಾಣುತ್ತಿರಲಿಲ್ಲ. ನಾವೂ ಹೊರಗೆ ಮೊದಲು ಕಾಣುವುದು ಅಂತಹದೇ ಇರಬಹುದು. ಅದು ನಮ್ಮೊಡನೆ ಮಾತನಾಡದು, ವಾದಿಸದು, ತನ್ನ ಹಕ್ಕನ್ನು ಕೇಳದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಇಂತಹ ವಾರ್ತೆಯಿಂದ ಜನರು ಭ್ರಾಂತರಾಗುವರು, ಧರ್ಮಗಳು ಕುಸಿಯುವುವು ಎಂದು ಭಯಪಡುವವರಿದ್ದಾರೆ. ಅವರು ಸಾಮಾನ್ಯವಾಗಿ ಎತ್ತಿ ತೋರಿಸುವ ಉದಾಹರಣೆಯು 1938ರ ಅಕ್ಟೋಬರ್ 30ರಂದು ಅಮೆರಿಕದ ರೇಡಿಯೋದಲ್ಲಿ ಪ್ರಸಾರವಾದ, ಮಂಗಳದವರು ದಂಡೆತ್ತಿ ಬಂದರೆಂಬ ನಾಟಕದ್ದು. ಅಂದು ದೇಶವೇ ದಿಗ್ಭ್ರಾಂತವಾಯಿತೆಂಬ ಕಥೆಯನ್ನು ಬಹುಮಟ್ಟಿಗೆ ಹಿಗ್ಗಿಸಿದವು ಮರುದಿನದ ವೃತ್ತಪತ್ರಿಕೆಗಳೇ ಎಂದು ಇತಿಹಾಸಕಾರರು ಈಗ ತೋರಿಸಿಕೊಟ್ಟಿದ್ದಾರೆ. ನಮ್ಮ ಕಸುಬಿನವರು ಇದನ್ನು ಮರೆಯತಕ್ಕುದಲ್ಲ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿಯೂ, ಭೂಮಿಯಾಚೆಯ ಸೂಕ್ಷ್ಮಜೀವಿಗಳ ವಾರ್ತೆಗೆ ಜನರು ಭಯಕ್ಕಿಂತ ಹೆಚ್ಚಾಗಿ ಸಂತೋಷವನ್ನೇ ಸೂಚಿಸಿದರೆಂದು ಕಂಡುಬಂದಿತು.

ಧರ್ಮದ ವಿಷಯದಲ್ಲಿ ದೂರ ಹೋಗಬೇಕಾಗಿಲ್ಲ. ಅನಂತಕೋಟಿ ಬ್ರಹ್ಮಾಂಡಗಳೆಂಬ ಮಾತನ್ನು ಹರಿಕಥೆಗಳಲ್ಲಿ ಕೇಳಿ ಬೆಳೆದ ನಮ್ಮ ಜನಕ್ಕೆ, ಇನ್ನೊಂದು ಲೋಕದಲ್ಲಿಯೂ ಜೀವವಿದೆಯೆಂದರೆ ಆಕಾಶವು ಕಳಚಿಬಿದ್ದಂತಾಗದು. ಬೌದ್ಧರ ಶಾಸ್ತ್ರಗಳಲ್ಲಿಯೂ ಲೋಕಗಳು ಅಸಂಖ್ಯಾತವೇ. ಮುಂಡಗೋಡದ ಡ್ರೆಪುಂಗ್ ಮಠದಲ್ಲಿ 2013ರ ಜನವರಿಯಲ್ಲಿ ದಲಾಯಿ ಲಾಮಾ ಅವರ ಸನ್ನಿಧಿಯಲ್ಲಿ ಭೌತವಿಜ್ಞಾನಿಗಳೂ ಮಿದುಳಿನ ತಜ್ಞರೂ ಸಾವಿರಾರು ಭಿಕ್ಷುಗಳ ಎದುರಿನಲ್ಲಿ ದಿನಗಟ್ಟಲೆ ಸಂವಾದ ನಡೆಸಿದರು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಕಾರದಿಂದ ಭಿಕ್ಷುಗಳ ಪಾಠಕ್ರಮದಲ್ಲಿಯೇ ವಿಜ್ಞಾನವು ಸೇರಿಕೊಂಡಿದೆ. ಶತಮಾನಗಳಿಂದ ನಡೆದುಬಂದ ಪಾಠಕ್ರಮವನ್ನು ಹೊಸ ವಿದ್ಯೆಗಾಗಿ ತೆರೆದವರನ್ನು ಹೊಸ ಲೋಕದ ವಾರ್ತೆಯು ಬೆದರಿಸಲಾರದು.

ಹಾಗಾದರೆ ಅಪಾಯವೆಲ್ಲಿ? ನಮ್ಮ ಮತದಲ್ಲಿ ಅಪಾಯವಿರುವುದು ಪತ್ತೆ ಹಚ್ಚಿದವನೇ ಒಡೆಯನೆಂಬ ಹಳೆಯ ಭಾವನೆಯಲ್ಲಿ. ಪಶ್ಚಿಮದ ನಾವಿಕರು ಶತಮಾನಗಳ ಕಾಲ, ಜನರು ಬಾಳಿಕೊಂಡಿದ್ದ ದೇಶಗಳನ್ನೇ ತಾವು ಶೋಧಿಸಿದೆವೆಂದು ಹೇಳಿಕೊಂಡು, ಶೋಧಿಸಿದುದನ್ನು ಸ್ವಂತದ್ದೆಂದು ಬಗೆದರು. ಜೋಯಿಡಾದ ಮಗ್ಗುಲಲ್ಲಿರುವ ಗೋವೆಯಲ್ಲಿ 1510ರಲ್ಲಿ ಪೋರ್ತುಗೀಜರು ತಳವೂರಿದರು. ಅವರು ಆಫ್ರಿಕದಿಂದ ಗುಲಾಮರನ್ನಾಗಿ ತಂದ ಜನರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟವನ್ನೇರಿ ಈ ಅಡವಿಗಳಲ್ಲಿ ನೆಲೆಸಿದರು. ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರಗಳ ಸಿದ್ದಿ ಬಾಂಧವರು ಅವರ ಸಂತತಿಯವರು. ಅವರು ನಮ್ಮಂತೆಯೇ ಮನುಷ್ಯರು, ಈ ನಾಡಿನ ಮಕ್ಕಳು. ಅವರನ್ನು ಅನ್ಯಲೋಕದವರೊಡನೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಪರೀಕ್ಷೆಗೆ ಒಳಗಾಗಬೇಕಾದುದು ನಮ್ಮ ನಡತೆ. ಸಂವಿಧಾನವು 1950ರಲ್ಲಿ ಜಾರಿಗೆ ಬಂದರೂ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದವರೆಂದು ಮನ್ನಣೆ ಪಡೆದುದು 2003ರಲ್ಲಿ. ಅವರಲ್ಲೊಬ್ಬರು ವಿಧಾನ ಪರಿಷತ್ತಿನಲ್ಲಿ ಕುಳಿತದ್ದು 2020ರಲ್ಲಿ. ನಡುವೆ, 1987ರಲ್ಲಿ ಅವರ ದೇಹಬಲವನ್ನು ಕಂಡು ಓಟದ ಪದಕಗಳಿಗಾಗಿ ಒಂದು ಸರಕಾರೀ ತರಬೇತಿಯು ಆರಂಭವಾಗಿ, ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ತನಗಿಂತ ಭಿನ್ನವಾಗಿ ಕಾಣುವವನನ್ನು ಕಂಡೊಡನೆ, ಇವನಿಂದ ನಮಗೇನು ಪ್ರಯೋಜನವೆಂಬ ಪ್ರಶ್ನೆಯು ಮೊದಲು ಏಳುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇದೇ ಸೀಮೆಯ ಇನ್ನೊಂದು ಪುಟವು ಬೇರೆ ಬಗೆಯದು. ತಾಯ್ನಾಡನ್ನು ಕಳೆದುಕೊಂಡ ಟಿಬೆಟಿನವರಿಗೆ ಅಂದಿನ ಮೈಸೂರು ಸರಕಾರವು ಮುಂಡಗೋಡದ ಅಡವಿಯ ನೆಲವನ್ನು ಕೊಟ್ಟಿತು; 1966ರಲ್ಲಿ ಅಲ್ಲಿ ಅವರ ವಸತಿಯು ಆರಂಭವಾಯಿತು. ಭಾಷೆ, ಆಹಾರ, ಉಡುಪು, ಪೂಜಾವಿಧಾನ ಎಲ್ಲವೂ ಬೇರೆಯಾದ ಜನರು ಬಂದರು. ಮುಂಡಗೋಡದ ರೈತರೂ ವರ್ತಕರೂ ಅವರನ್ನು ತಮ್ಮಂತಾಗಿರೆಂದು ಬಲಾತ್ಕರಿಸಲಿಲ್ಲ. ಅವರು ಗೋವಿನಜೋಳ ಬೆಳೆದರು, ಮಠಗಳನ್ನು ಮರಳಿ ಕಟ್ಟಿದರು, ಕನ್ನಡದ ಸಂತೆಯಲ್ಲಿ ವ್ಯವಹರಿಸುತ್ತಲೇ ತಮ್ಮ ವಿದ್ಯೆಯನ್ನು ಉಳಿಸಿಕೊಂಡರು. ಅಪರಿಚಿತನಿಗೆ ಸ್ಥಳಕೊಟ್ಟು, ಅವನನ್ನು ಅವನಾಗಿಯೇ ಇರಗೊಡುವುದು ಮನುಷ್ಯನಿಗೆ ಸಾಧ್ಯವೆಂಬುದಕ್ಕೆ ಈ ಊರೇ ಪ್ರಮಾಣ.

ಮನುಷ್ಯರ ವಿಷಯದಲ್ಲಿಯೇ ಈ ಎರಡು ದಾರಿಗಳು ನಮ್ಮ ಮುಂದಿರುವಾಗ, ಮಾತು ಬಾರದ ಜೀವಕ್ಕೆ ನಾವು ಯಾವುದನ್ನು ಆರಿಸುವೆವು? ಕಾಳಿಯ ಕಾಡಿನಲ್ಲಿ ಹುಲಿಗೆ 2007ರಿಂದ ಮೀಸಲು ಸ್ಥಳವಿದೆ, ಸಂತೋಷ. ಆದರೆ ಸೂಪಾ ಅಣೆಕಟ್ಟಿನ ನೀರು ಏರಿದಾಗ ಹಳೆಯ ಸೂಪಾ ಪಟ್ಟಣವೇ ಮುಳುಗಿ, ಜನರು ರಾಮನಗರಕ್ಕೆ ಹೋಗಬೇಕಾಯಿತು. ತಾಲೂಕಿನ ಕಚೇರಿಯು ಜೋಯಿಡಾ ಸೇರಿತು. ವಿದ್ಯುತ್ತು ನಾಡಿಗೆಲ್ಲ ಬಂದಿತು, ನೆಲ ಬಿಟ್ಟವರು ಮಾತ್ರ ಇವರೇ. ಪ್ರಯೋಜನದ ಲೆಕ್ಕದಲ್ಲಿ ದನಿಯಿಲ್ಲದವರ ಪಾಲು ಹೇಗೆ ಕರಗುವುದೆಂಬುದನ್ನು ಜೋಯಿಡಾದವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಇದು ಕಲ್ಪನೆಯ ಮಾತಲ್ಲ. ಆಕಾಶಕಾಯಗಳು ಯಾವ ರಾಷ್ಟ್ರದ ಸೊತ್ತೂ ಅಲ್ಲವೆಂದೂ, ಅವುಗಳನ್ನು ಹಾನಿಕರವಾಗಿ ಮಲಿನಗೊಳಿಸಕೂಡದೆಂದೂ 1967ರ ಅಂತರಿಕ್ಷ ಒಪ್ಪಂದವು ವಿಧಿಸಿದೆ. ಆದರೆ 2015ರಲ್ಲಿ ಅಮೆರಿಕವು, ಅಲ್ಲಿಂದ ಅಗೆದು ತೆಗೆದ ವಸ್ತುವು ತೆಗೆದವನದೇ ಎಂಬ ಕಾನೂನನ್ನು ಮಾಡಿಕೊಂಡಿತು. ಅಗೆಯುವುದರಿಂದಲೇ ಒಡೆತನ ಸಾಧಿಸಿದಂತಾಗದೆಂದು ಹೇಳುವ ಆರ್ಟೆಮಿಸ್ ಒಡಂಬಡಿಕೆಗೆ ಭಾರತವೂ 2023ರ ಜೂನಿನಲ್ಲಿ ಸಹಿ ಹಾಕಿದೆ. ಮಂಗಳದ ನೆಲದಡಿಯಲ್ಲಿ ಜೀವವು ಕಂಡುಬಂದರೆ ಅಗೆತವು ನಿಲ್ಲುವುದೋ ಇಲ್ಲವೋ? ದೂರದ ಬುದ್ಧಿಜೀವಿಗಳಿಂದ ಸಂಕೇತವೇನಾದರೂ ಬಂದರೆ, ರಾಷ್ಟ್ರಗಳೊಡನೆ ಆಲೋಚಿಸದೆ ಉತ್ತರ ಕೊಡಕೂಡದೆಂದು ಖಗೋಳಜ್ಞರು 1989ರಲ್ಲಿ ಬರೆದಿಟ್ಟ ನಿಯಮವೊಂದುಂಟು. ಅದಕ್ಕೆ ಕಾನೂನಿನ ಬಲವಿಲ್ಲ.

ಕನ್ನಡಿಗರ ಹೆಸರಿನಲ್ಲಿ ಒಂದು ಸಂದೇಶವು ಆಗಲೇ ಹೊರಟುಹೋಗಿದೆಯೆಂಬುದನ್ನು ಎಲ್ಲರೂ ಬಲ್ಲರೋ ಇಲ್ಲವೋ. 1977ರಲ್ಲಿ ಅಮೆರಿಕದವರು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿರುವ ಚಿನ್ನದ ಮುಲಾಮಿನ ಧ್ವನಿಮುದ್ರಿಕೆಯಲ್ಲಿ 55 ಭಾಷೆಗಳ ವಂದನೆಗಳಿವೆ, ಕನ್ನಡವೂ ಅವುಗಳಲ್ಲೊಂದು. ಗೋವೆಯ ಕೇರಿ ಗ್ರಾಮದಲ್ಲಿ ಜನಿಸಿದ ಕೇಸರಬಾಯಿ ಕೇರಕರ್ ಅವರ ಭೈರವಿಯೂ ಅದರಲ್ಲಿದೆ. ಮೊದಲನೆಯ ವಾಯೇಜರ್ ಈಗ ಸುಮಾರು 2,500 ಕೋಟಿ ಕಿಲೋಮೀಟರುಗಳಾಚೆ ಸಾಗುತ್ತಿದೆ. ನಮ್ಮ ಪರವಾಗಿ ಶುಭವನ್ನು ಹಾರೈಸಿದ ಆ ಮಾತಿಗೆ ಯಾರೂ ನಮ್ಮ ಒಪ್ಪಿಗೆಯನ್ನು ಕೇಳಲಿಲ್ಲ. ಮಾತು ಒಳ್ಳೆಯದಾದುದರಿಂದ ಆಕ್ಷೇಪವಿಲ್ಲ. ಆದರೆ ಮುಂದಿನ ಮಾತನ್ನು ಒಂದೆರಡು ರಾಷ್ಟ್ರಗಳೇ ಆಡಿ ಮುಗಿಸಬಾರದು. ಪರರ ಆಳ್ವಿಕೆಯನ್ನು ಅನುಭವಿಸಿ ಸ್ವರಾಜ್ಯವನ್ನು ಪಡೆದ ದೇಶವು, ಕಂಡವನೇ ಒಡೆಯನೆಂಬ ನ್ಯಾಯವನ್ನು ನಕ್ಷತ್ರಲೋಕದಲ್ಲಿಯೂ ಒಪ್ಪತಕ್ಕುದಲ್ಲ.

ಆದುದರಿಂದ ನಮ್ಮ ಸೂಚನೆಗಳು ಮೂರು. ಮಂಗಳಯಾನವನ್ನು 2014ರಲ್ಲಿ ಗುರಿಮುಟ್ಟಿಸಿದ ಭಾರತವು, ಜೀವವಿರುವ ನೆಲವನ್ನು ಯಾವ ಕಂಪನಿಯೂ ಯಾವ ಸರಕಾರವೂ ಅಗೆಯಕೂಡದೆಂಬ ನಿಯಮಕ್ಕಾಗಿಯೂ, ಸಂಕೇತಗಳಿಗೆ ಉತ್ತರ ಕೊಡುವ ಅಧಿಕಾರವು ಸಮಸ್ತ ರಾಷ್ಟ್ರಗಳ ಸಭೆಯದೆಂಬ ನಿಯಮಕ್ಕಾಗಿಯೂ ವಿಶ್ವಸಂಸ್ಥೆಯಲ್ಲಿ ವಾದಿಸಬೇಕು. ಎರಡನೆಯದಾಗಿ, ವಿದ್ಯಾ ಇಲಾಖೆಯು ಈ ನಾಲ್ಕು ತಾಲೂಕುಗಳ ಕನ್ನಡ ಶಾಲೆಗಳಿಗೆ ದೂರದರ್ಶಕಗಳನ್ನು ಒದಗಿಸಬೇಕು. ಅಡವಿಯ ನಡುವಿನ ಇಲ್ಲಿಯ ಕಗ್ಗತ್ತಲ ರಾತ್ರಿಯು ಬೆಂಗಳೂರಿನ ಮಕ್ಕಳಿಗೆ ದೊರೆಯದ ಸಂಪತ್ತು. ಸಿದ್ದಿಯ ಮಗು, ಕುಣಬಿಯ ಮಗು, ಟಿಬೆಟಿನ ಮಗು ಒಂದೇ ಕೊಳವೆಯಲ್ಲಿ ಕಣ್ಣಿಟ್ಟು ಶನಿಯ ಬಳೆಯನ್ನು ನೋಡಲಿ. ಮೂರನೆಯದಾಗಿ, ಪತ್ರಿಕೆಗಳು ಸುಳಿವನ್ನು ಸುಳಿವೆಂದೂ ಸಿದ್ಧಾಂತವನ್ನು ಸಿದ್ಧಾಂತವೆಂದೂ ಬರೆಯುವ ವ್ರತವನ್ನು ತೊಡಬೇಕು.

ಅನ್ಯಲೋಕದ ಜೀವವು ಸಿಕ್ಕೀತೋ ಇಲ್ಲವೋ, ಅದನ್ನು ಕಾಲವೇ ಹೇಳಬೇಕು. ಸಿಕ್ಕ ದಿನ ನಾವು ಅದರ ಮುಂದೆ ಎಂತಹ ಮನುಷ್ಯರಾಗಿ ನಿಲ್ಲುವೆವೆಂಬುದು ಮಾತ್ರ ಕಾಲದ ಕೈಯಲ್ಲಿಲ್ಲ. ಹಳಿಯಾಳದ ಸಿದ್ದಿವಾಡೆಗೆ ರಸ್ತೆಯೂ ಶಾಲೆಯೂ ಸಕಾಲದಲ್ಲಿ ತಲುಪುವುವೋ ಇಲ್ಲವೋ ಎಂಬುದರಲ್ಲಿಯೇ ಅದರ ಉತ್ತರವು ದಿನದಿನವೂ ಬರೆಯಲ್ಪಡುತ್ತಿದೆ.