ಮನೆಗೊಂದು ವ್ಯಾಯಾಮಯಂತ್ರ
ಇಳಕಲ್ಲಿನ ಕುಣಿಮಗ್ಗದಲ್ಲಿ ದಿನವಿಡೀ ಕುಳಿತು ಸೀರೆ ನೇಯುವವರಿಗೂ, ಬಾಗಲಕೋಟೆಯ ನವನಗರದ ಕಚೇರಿಗಳಲ್ಲಿ ಮೇಜಿಗಂಟಿ ದುಡಿಯುವವರಿಗೂ ಅಂಗಾಂಗಗಳ ಚಲನೆ ಅತ್ಯವಶ್ಯವೆಂಬುದು ನಿರ್ವಿವಾದವಾದರೂ, ಅದಕ್ಕಾಗಿ ನಿಂತಲ್ಲೇ ಪೆಡಲು ಮೆಟ್ಟಿ ನಡೆಯುವ ಎಲಿಪ್ಟಿಕಲ್ ಯಂತ್ರವನ್ನು ಕೊಳ್ಳಹೊರಟವರು ಕೇವಲ ಅಗ್ಗದ ಬೆಲೆಗೆ ಮರುಳಾಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಪಾದಗಳು ಪೆಡಲನ್ನು ಬಿಟ್ಟೇಳದಿರುವುದರಿಂದ ಮೊಣಕಾಲಿಗೆ ಆಘಾತ ಕಡಿಮೆಯೆಂಬುದೇ ಈ ಯಂತ್ರದ ಪರಮಗುಣ; ಆದರೆ ಹೆಜ್ಜೆಯ ಹರವು ಗಿಡ್ಡವಾಗಿ, ಗತಿಯನ್ನು ಸಮವಾಗಿಡುವ ಫ್ಲೈವೀಲ್ ಚಕ್ರ ತೀರ ಹಗುರವಾಗಿದ್ದರೆ ಆ ಸುಲಲಿತ ಗತಿಯೇ ಲುಪ್ತವಾಗಿ ನಡಿಗೆಯು ಜಗ್ಗಾಟವಾಗುತ್ತದೆ. ಎತ್ತರದ ಆಳಿಗೆ 18 ಅಂಗುಲಕ್ಕಿಂತ ಕಿರಿದಾದ ಹೆಜ್ಜೆ ಸಾಲದು. ಥಳಥಳಿಸುವ ಪರದೆಗೆ ಹಣ ತೆರುವುದಕ್ಕಿಂತ, ಅಂಗಡಿಯಲ್ಲಿಯೇ ಹತ್ತು ನಿಮಿಷ ಮೆಟ್ಟಿ ನೋಡಿ, ಕೆಟ್ಟರೆ ಹುನಗುಂದದವರೆಗೆ ಬಂದು ರಿಪೇರಿ ಮಾಡುವವರುಂಟೇ ಎಂದು ವಿಚಾರಿಸುವುದು ವಿವೇಕ. ಅಷ್ಟು ಹಣ ಕೂಡುವ ತನಕ, ಬಾದಾಮಿಯ ಬಂಧುಗಳೇ, ಅಗಸ್ತ್ಯತೀರ್ಥದ ದಂಡೆಯ ಮುಂಜಾವಿನ ನಡಿಗೆಯನ್ನು ನಾಳೆಯೇ ಆರಂಭಿಸಿರಿ.