ಮನೆಯ ಕಂಪ್ಯೂಟರ್: ಮೇಲ್ ಬಂದಿದೆ, ಕಾಗದಕ್ಕೆ ಇಳಿಯುತ್ತಿಲ್ಲ!



ಈ ಸಲ ರಾಂಪುರದ ಸೋದರಿಯೊಬ್ಬರ ಪತ್ರವನ್ನು ತೆಗೆದುಕೊಂಡಿದ್ದೇನೆ. ಬಳ್ಳಾರಿ ರಸ್ತೆಯ ಮೇಲಿರುವ ಈ ಊರು ಮೊಳಕಾಲ್ಮೂರು ಸೀಮೆಯದು. ರೇಷ್ಮೆ ಸೀರೆಯ ಸೀಮೆ ಎಂದರೆ ನಿಮಗೆಲ್ಲ ಗೊತ್ತೇ ಇದೆ. ಈಕೆಯ ಮನೆಯವರದು ಸೀರೆ ವ್ಯಾಪಾರ. ಬೆಂಗಳೂರಿನಿಂದ ಮೇಲ್‌ನಲ್ಲಿ ಬರುವ ಆರ್ಡರುಗಳನ್ನು ಪ್ರಿಂಟ್ ತೆಗೆದು ನೇಯುವವರ ಕೈಗೆ ಕೊಡುವುದು ಈಕೆಯ ಕೆಲಸ. ಒಡಲಿನ ಬಣ್ಣ ಯಾವುದು, ಅಂಚು ಎಷ್ಟು ಅಗಲ, ಸೆರಗು ಹೇಗಿರಬೇಕು, ಇದೆಲ್ಲ ಮಗ್ಗದ ಮುಂದೆ ಕೂತವರ ಕಣ್ಣೆದುರಿಗೆ ಇರಬೇಕು. ಬಾಯಿಮಾತಿನಲ್ಲಿ ಹೇಳಿ ಅಂಚು ತಪ್ಪಿದರೆ ರೇಷ್ಮೆಯೂ ಹೋಯಿತು, ದುಡಿಮೆಯೂ ಹೋಯಿತು.

ಅವರು ಬರೆಯುತ್ತಾರೆ: “ಮಕ್ಕಳ ಪಾಠದ ಹಾಳೆ ಚೆನ್ನಾಗಿ ಪ್ರಿಂಟ್ ಆಗುತ್ತೆ. ಮೇಲ್ ಮಾತ್ರ ಆಗೋಲ್ಲ. ‘ನೀನೇ ಏನೋ ಒತ್ತಿರಬೇಕು’ ಅಂತ ಮನೆಯವರು ಬೈತಾರೆ. ಅಂಗಡಿಯವರು, ‘ಮೇಲ್ ಪಾಸ್‌ವರ್ಡ್ ಬರೆದುಕೊಡಿ ಅಕ್ಕಾ, ನಾವೇ ತೆಗೆದುಕೊಡ್ತೀವಿ’ ಅಂತಾರೆ. ಕೊಡಲಾ?”

ಕೊಡಬೇಡಿ ತಂಗಿ. ಪಾಸ್‌ವರ್ಡ್ ಎಂದರೆ ಮನೆಯ ಬೀರುವಿನ ಬೀಗದ ಕೈ. ಬ್ಯಾಂಕಿನ ಕಾಗದ, ಗಿರಾಕಿಗಳ ವಿಳಾಸ, ಮಕ್ಕಳ ಶಾಲೆಯ ವಿಚಾರ ಎಲ್ಲವೂ ಆ ಬೀರುವಿನಲ್ಲೇ ಇರುತ್ತದೆ. ಒಂದು ಹಾಳೆಗಾಗಿ ಬೀಗದ ಕೈ ಯಾರಾದರೂ ಕೊಡುತ್ತಾರೆಯೇ? ದೋಷ ಎಲ್ಲಿದೆ ಎಂದು ಮನೆಯಲ್ಲೇ ಕಂಡುಹಿಡಿಯಬಹುದು. ಬನ್ನಿ, ಒಂದೊಂದಾಗಿ ನೋಡೋಣ.

ಮನೆಯಲ್ಲಿ ದೀಪ ಆರಿದರೆ ನಾವು ಮೊದಲು ಏನು ಮಾಡುತ್ತೇವೆ? ಪಕ್ಕದ ಮನೆಯಲ್ಲಿ ಕರೆಂಟ್ ಇದೆಯೇ ಎಂದು ಇಣುಕುತ್ತೇವೆ. ಅಲ್ಲಿದ್ದರೆ ನಮ್ಮ ಮನೆಯ ಫ್ಯೂಸ್ ನೋಡುತ್ತೇವೆ, ಆಮೇಲೆ ಬಲ್ಬು. ಇಲ್ಲಿಯೂ ಅದೇ ಲೆಕ್ಕ. ದೋಷ ಪ್ರಿಂಟರಿನಲ್ಲಿರಬಹುದು, ಮೇಲ್ ತೋರಿಸುವ ಪ್ರೋಗ್ರಾಮಿನಲ್ಲಿರಬಹುದು, ಇಲ್ಲವೇ ಆ ಒಂದೇ ಒಂದು ಮೇಲ್‌ನಲ್ಲಿರಬಹುದು.

ಮೊದಲು ನೋಟ್‌ಪ್ಯಾಡ್ ತೆರೆದು ನಿಮ್ಮ ಹೆಸರು ಟೈಪ್ ಮಾಡಿ ಪ್ರಿಂಟ್ ಕೊಡಿ. ಬಂದರೆ ಪ್ರಿಂಟರು, ಶಾಯಿ, ವೈರು ಎಲ್ಲ ಸರಿಯಾಗಿವೆ. ಬರದಿದ್ದರೆ ಮೇಲ್‌ನ ಮೇಲೆ ತಪ್ಪು ಹೊರಿಸಬೇಡಿ. ಹಿಂದೆ ಕೊಟ್ಟ ಯಾವುದೋ ಪ್ರಿಂಟ್ ನಡುವೆ ಸಿಕ್ಕಿಕೊಂಡಿರಬಹುದು. ಹಿಟ್ಟಿನ ಗಿರಣಿಯಲ್ಲಿ ಮುಂದಿನವರ ಮೂಟೆ ಸಿಕ್ಕಿಕೊಂಡರೆ ಹಿಂದಿನವರೆಲ್ಲ ಕಾಯಬೇಕಲ್ಲ, ಹಾಗೆ. ಗಡಿಯಾರದ ಪಕ್ಕದಲ್ಲಿ ಕಾಣುವ ಪ್ರಿಂಟರಿನ ಚಿಕ್ಕ ಚಿತ್ರವನ್ನು ಎರಡು ಸಲ ಒತ್ತಿದರೆ ಸಾಲಿನಲ್ಲಿರುವುದೆಲ್ಲ ಕಾಣುತ್ತದೆ. ಎಲ್ಲವನ್ನೂ ‘ಕ್ಯಾನ್ಸಲ್’ ಮಾಡಿ, ಪ್ರಿಂಟರನ್ನೂ ಕಂಪ್ಯೂಟರನ್ನೂ ಆರಿಸಿ ಮತ್ತೆ ಹಚ್ಚಿ. ಬರಲಿಲ್ಲವೆಂದು ‘ಪ್ರಿಂಟ್’ ಗುಂಡಿಯನ್ನು ಹತ್ತು ಸಲ ಒತ್ತಬೇಡಿ. ಸರಿಹೋದ ಕೂಡಲೇ ಹತ್ತೂ ಹಾಳೆ ಬಂದು ಶಾಯಿ ದಂಡ!

ರಾಂಪುರದ ಸೋದರಿಯ ಮನೆಯಲ್ಲಿ ಬೇರೆ ಹಾಳೆಗಳು ಬರುತ್ತಿವೆ. ಆದ್ದರಿಂದ ಪ್ರಿಂಟರ್ ಕೆಟ್ಟಿಲ್ಲ. ಈಗ ಮೇಲ್ ತೆರೆದು ಪ್ರಿಂಟ್ ಒತ್ತಿ, ಬರುವ ಚೌಕದಲ್ಲಿ ಪ್ರಿಂಟರಿನ ಹೆಸರು ಏನಿದೆ ಎಂದು ನಿಧಾನವಾಗಿ ಓದಿ. ಬಹಳ ಮನೆಗಳಲ್ಲಿ ಗುಟ್ಟು ಇರುವುದು ಇಲ್ಲೇ. ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂದಿದ್ದರೆ ಅದು ಕಾಗದಕ್ಕೆ ಹೋಗದು, ಕಂಪ್ಯೂಟರಿನೊಳಗೇ ಫೈಲಾಗಿ ಉಳಿಯುತ್ತದೆ. ನಿಮ್ಮ ಪ್ರಿಂಟರಿನ ಹೆಸರಿನ ಜೊತೆಗೆ ‘ಕಾಪಿ 1’ ಎಂದು ಇನ್ನೊಂದು ಹೆಸರು ಇದೆಯೇ? ಧೂಳು ಒರೆಸುವಾಗ ವೈರು ಕಿತ್ತು ಬೇರೆ ತೂತಿಗೆ ಸಿಕ್ಕಿಸಿದರೆ ಕಂಪ್ಯೂಟರು ಅದನ್ನು ಹೊಸ ಪ್ರಿಂಟರ್ ಎಂದುಕೊಳ್ಳುವುದುಂಟು. ಮೇಲ್ ಪ್ರೋಗ್ರಾಮು ಮಾತ್ರ ಹಳೆಯ ಹೆಸರನ್ನೇ ಹಿಡಿದು ಕೂತಿರುತ್ತದೆ. ಸರಿಯಾದ ಹೆಸರನ್ನು ಆರಿಸಿ ನೋಡಿ. ವಿಂಡೋಸ್ 10 ಮತ್ತು 11ರಲ್ಲಿ ಇನ್ನೊಂದು ಏರ್ಪಾಡಿದೆ: ಕೊನೆಯ ಸಲ ಯಾವುದಕ್ಕೆ ಪ್ರಿಂಟ್ ಕೊಟ್ಟಿರೋ ಅದನ್ನೇ ಮುಖ್ಯ ಪ್ರಿಂಟರ್ ಮಾಡಿಕೊಳ್ಳುವುದು. ಸೆಟ್ಟಿಂಗ್ಸ್‌ನ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ಪುಟದಲ್ಲಿ ಅದನ್ನು ಆರಿಸಿ, ನಿಮ್ಮ ಪ್ರಿಂಟರನ್ನೇ ಖಾಯಂ ಮಾಡಿಕೊಳ್ಳಬಹುದು.

ಹೆಸರು ಸರಿಯಿದ್ದೂ ಬರುತ್ತಿಲ್ಲವೇ? ಬೇರೊಂದು ಚಿಕ್ಕ ಮೇಲ್ ತೆರೆದು ಪ್ರಿಂಟ್ ಮಾಡಿ. ಅದೂ ಬರದಿದ್ದರೆ ದೋಷ ಪ್ರೋಗ್ರಾಮಿನದು. ಥಂಡರ್‌ಬರ್ಡ್ ಬಳಸುವವರು ‘ಹೆಲ್ಪ್’ ಪಟ್ಟಿಯಲ್ಲಿರುವ ‘ಟ್ರಬಲ್‌ಶೂಟ್ ಮೋಡ್’ ಒತ್ತಿ ಮತ್ತೆ ತೆರೆಯಬೇಕು. ಹಳೆಯ ಮಾದರಿಯ ಔಟ್‌ಲುಕ್ ಇದ್ದವರು ‘ಕಂಟ್ರೋಲ್’ ಗುಂಡಿ ಹಿಡಿದುಕೊಂಡೇ ತೆರೆದರೆ ‘ಸೇಫ್ ಮೋಡ್’ ಬೇಕೇ ಎಂದು ಅದೇ ಕೇಳುತ್ತದೆ. ಹೂಂ ಅನ್ನಿ. ಆಗ ಮೇಲಿಂದ ಸೇರಿಸಿದ ಸಣ್ಣಪುಟ್ಟ ಸಲಕರಣೆಗಳೆಲ್ಲ ಬದಿಗೆ ಸರಿದು ಪ್ರೋಗ್ರಾಮು ಮಾತ್ರ ಓಡುತ್ತದೆ. ಈಗ ಪ್ರಿಂಟ್ ಬಂದರೆ, ಸೇರಿಸಿದ ಯಾವುದೋ ಒಂದು ಅಡ್ಡ ಬರುತ್ತಿತ್ತು ಎಂದರ್ಥ. ವಿಂಡೋಸ್ ಜೊತೆಗೇ ಬರುತ್ತಿದ್ದ ಹಳೆಯ ‘ಮೇಲ್’ ಪ್ರೋಗ್ರಾಮನ್ನೇ ನಂಬಿದವರಿಗೆ ಒಂದು ಮಾತು: ಅದಕ್ಕೆ ಕಂಪನಿಯ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದರ ಜೊತೆ ಗುದ್ದಾಡುವುದು ಬಿಟ್ಟು ಬೇರೆ ಪ್ರೋಗ್ರಾಮಿಗೆ ಹೋಗುವುದೇ ಲೇಸು.

ಚಿಕ್ಕ ಮೇಲ್ ಬಂದು, ಆ ಒಂದು ಮೇಲ್ ಮಾತ್ರ ಬರದಿದ್ದರೆ? ಆಗ ದೋಷ ಆ ಮೇಲ್‌ನಲ್ಲೇ ಇದೆ. ಪ್ರಿಂಟ್ ಕೊಡುವ ಮುಂಚೆ ‘ಪ್ರಿವ್ಯೂ’ ನೋಡಿ. ಬಲಗಡೆಯ ಅಕ್ಷರ ಕತ್ತರಿಸಿಹೋಗಿದ್ದರೆ ‘ಫಿಟ್ ಟು ಪೇಜ್ ವಿಡ್ತ್’ ಆರಿಸಿ, ಇಲ್ಲವೇ ಹಾಳೆಯನ್ನು ಅಡ್ಡ ಮಾಡಿ. ಚಿತ್ರದ ಜಾಗದಲ್ಲಿ ಖಾಲಿ ಚೌಕವಿದ್ದರೆ, ಗುರುತಿನವರ ಮೇಲ್ ಆಗಿದ್ದರೆ ಮಾತ್ರ, ಚಿತ್ರ ತೋರಿಸಲು ಅನುಮತಿ ಕೊಡಿ. ಮೇಲ್ ಜೊತೆ ಲಗತ್ತಾಗಿ ಬಂದ ಫೈಲನ್ನು ಬೇರೆಯಾಗಿಯೇ ತೆರೆದು ಪ್ರಿಂಟ್ ಮಾಡಬೇಕು. ಮೇಲ್ ಪ್ರಿಂಟ್ ಮಾಡಿದರೆ ಸಾಮಾನ್ಯವಾಗಿ ಅದು ಜೊತೆಗೆ ಬಾರದು. ಏನೂ ಆಗದಿದ್ದರೆ ಬರಹವನ್ನಷ್ಟೇ ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ಪ್ರಿಂಟ್ ತೆಗೆಯಿರಿ. ಸೀರೆಯ ಬಣ್ಣ, ಅಳತೆ ತಿಳಿಯಲು ಅಷ್ಟು ಸಾಕಲ್ಲವೇ?

ಕನ್ನಡದ ಮೇಲ್‌ಗಳದು ಬೇರೆಯೇ ಕಥೆ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಬಂದರೆ, ಬರೆದವರು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಆ ಫಾಂಟ್ ನಿಮ್ಮಲ್ಲಿಲ್ಲ, ಅಷ್ಟೇ. ಯೂನಿಕೋಡಿನಲ್ಲಿ ಬರೆಯಲು ಹೇಳಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸಲು ಹೇಳಿ.

ಇನ್ನು ಅಂಗಡಿಯ ವಿಚಾರ. ಅಂಗಡಿಗೆ ಹೋಗಲೇಬೇಕಾದರೆ ಮನೆಯಲ್ಲೇ ಮೇಲನ್ನು ಪಿಡಿಎಫ್ ಮಾಡಿ, ಅದೊಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ. ಮೊದಲು ಬೇಡವೆಂದ ‘ಪ್ರಿಂಟ್ ಟು ಪಿಡಿಎಫ್’ ಈಗ ಕೆಲಸಕ್ಕೆ ಬಂತು ನೋಡಿ! ಪ್ರಿಂಟ್ ತೆಗೆದ ಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ಅದರ ನಕಲು ಉಳಿದಿದ್ದರೆ ಎದುರಿಗೇ ಅಳಿಸಿ ಬನ್ನಿ. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ಚೀಟಿಯಲ್ಲಿ ಬರೆದುಕೊಟ್ಟ ಪಾಸ್‌ವರ್ಡ್ ಯಾರ ಯಾರ ಕೈ ಸೇರುತ್ತದೆ ಅಂತ ಯಾರು ಬಲ್ಲರು? ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬದಲಾಯಿಸಿ.

ಇದಕ್ಕಿಂತ ದೊಡ್ಡ ಮೋಸವೂ ಇದೆ. ಇಂಟರ್‌ನೆಟ್‌ನಲ್ಲಿ ‘ಪ್ರಿಂಟರ್ ಸಹಾಯವಾಣಿ’ ಅಂತ ಹುಡುಕಿದಾಗ ಸಿಗುವ ನಂಬರುಗಳಲ್ಲಿ ಕಳ್ಳರವೂ ಇರುತ್ತವೆ. ‘ನಿಮ್ಮ ಕಂಪ್ಯೂಟರ್ ನಾವೇ ಇಲ್ಲಿಂದ ನೋಡ್ತೀವಿ, ಈ ಆ್ಯಪ್ ಹಾಕಿಕೊಳ್ಳಿ ಮೇಡಂ, ಹತ್ತು ರೂಪಾಯಿ ಕಟ್ಟಿ’ ಅಂತ ನಯವಾಗಿ ಮಾತಾಡಿ ಬ್ಯಾಂಕಿನ ಖಾತೆಯನ್ನೇ ಬರಿದು ಮಾಡುತ್ತಾರೆ. ನಂಬರು ಬೇಕಾದರೆ ಪ್ರಿಂಟರಿನ ಜೊತೆ ಬಂದ ಪುಸ್ತಕದಲ್ಲಿ ನೋಡಿ. ಒಟಿಪಿ ಯಾರಿಗೂ ಹೇಳಬೇಡಿ. ಹಣ ಹೋಯಿತೆಂದು ತಿಳಿದ ಕೂಡಲೇ ನಾಚಿಕೊಂಡು ಸುಮ್ಮನಿರದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ಉಳಿಯುವ ಸಂಭವ ಅಷ್ಟು ಹೆಚ್ಚು.

ಕೊನೆಗೆ ‘ನೀನೇ ಏನೋ ಒತ್ತಿರಬೇಕು’ ಎಂಬ ಮಾತಿಗೆ ಉತ್ತರ. 2021ರ ಮಾರ್ಚ್‌ನಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಅಪ್‌ಡೇಟಿನಿಂದ, ಕೆಲವು ಪ್ರಿಂಟರುಗಳಿಗೆ ಪ್ರಿಂಟ್ ಕೊಟ್ಟರೆ ಸಾಕು, ಕಂಪ್ಯೂಟರೇ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿತ್ತು. ಕೆಲವೇ ದಿನಗಳಲ್ಲಿ ಕಂಪನಿಯೇ ಅದನ್ನು ಸರಿಪಡಿಸಿತು. ಅದರಲ್ಲಿ ಯಾವ ಗೃಹಿಣಿಯ ತಪ್ಪಿತ್ತು ಹೇಳಿ? ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ ತಂಗಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಯಾವತ್ತು ಏನಾಯಿತು, ಏನು ಮಾಡಿದ್ದಕ್ಕೆ ಸರಿಹೋಯಿತು ಅಂತ ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಕೈಗೆ ಇದೇನು ಕಷ್ಟವಲ್ಲ. ಮುಂದಿನ ಸಲ ಮೇಲ್ ಕಾಗದಕ್ಕೆ ಇಳಿಯದಿದ್ದರೆ ಮೊದಲು ಆ ನೋಟ್‌ಬುಕ್ಕನ್ನೇ ತೆಗೆಯಿರಿ.